ಕೊಚ್ಚಿಯಿಂದ ಬಂದ ಸೈಲೆನ್ಸರ್

ಹೋದ ತಿಂಗಳು ತಂಗಿಯ ಮಗಳು ಸುಮ ನನ್ನನ್ನು ಕೊಚ್ಚಿಯ ಮಟ್ಟಾಂಚೇರಿಗೆ ಕರೆದುಕೊಂಡು ಹೋಗಿದ್ದಳು. ಅವಳಿಗೆ ಹಳೆಯ ಗೋದಾಮುಗಳ ಫೋಟೋ ತೆಗೆಯುವ ಹುಚ್ಚು, ನನಗೆ ಮಂಡಿನೋವು. ಅವಳು ಗೋಡೆ ಗೋಡೆ ಸುತ್ತಲಿ ಎಂದು ನಾನು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಒಳಗೆ ಒಣಶುಂಠಿಯನ್ನು ಗೋಣಿಗೆ ತುಂಬಿಸುತ್ತಿದ್ದರು. ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮ ನನ್ನ ಮುಂದೆಯೇ ಒಂದು ಹಳೆಯ ಕಾಲದ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡಿದ. ನೀಲಿ ಹೊಗೆ ಬಂತು. ಶುಂಠಿಯ ಘಾಟು, ಎಣ್ಣೆ ಸುಟ್ಟ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ನನ್ನ ಮೈಯೆಲ್ಲ ಉರಿದುಹೋಯಿತು.

ಸುಮ ಓಡಿ ಬಂದಳು. "ಎಂತಾಯ್ತು ದೊಡ್ಡಮ್ಮ? ತಲೆ ಸುತ್ತುತ್ತದಾ?"

"ಇಲ್ಲ. ಸಿಟ್ಟು ಬಂತು."

"ಯಾರ ಮೇಲೆ?"

"ನಿನ್ನ ದೊಡ್ಡಪ್ಪನ ಮೇಲೆ."

"ಅಯ್ಯೋ, ದೊಡ್ಡಪ್ಪ ಹೋಗಿ ಎಷ್ಟು ವರ್ಷ ಆಯ್ತು!"

"ಆದರೆ ಎಂತ? ಅವರ ಜೊತೆ ನನ್ನ ಸಿಟ್ಟೂ ಸಾಯಬೇಕು ಅಂತ ಉಂಟಾ?"

ಅವಳು ನಕ್ಕಳು. ನಾನು ನಗಲಿಲ್ಲ. ಶುಂಠಿ ಬೇಕಾ ಎಂದು ಅಂಗಡಿಯವನು ಕೇಳಿದ, ಬೇಡ ಎಂದೆ.

ನನ್ನ ಗಂಡನ ಹೆಸರು ರಘುರಾಮ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿ ಹೆದರಿಸಿದ್ದರಿಂದ ಇದ್ದಷ್ಟು ಕಾಲ ಹೇಳಲಿಲ್ಲ. ಈಗ ಧಾರಾಳವಾಗಿ ಹೇಳಬಹುದು. ಇಬ್ಬರೂ ಕಾಸರಗೋಡಿನ ಕಡೆಯವರು. ಅವರಿಗೆ ಬ್ಯಾಂಕಿನಲ್ಲಿ ಕೆಲಸ. ನನಗೆ ತಿರುವನಂತಪುರದ ಹೊರಗೆ, ರಾಕೆಟ್ ಹಾರಿಸುವ ತುಂಬ ಎಂಬ ಊರಿನ ಸಮುದ್ರದಂಡೆಯಲ್ಲಿದ್ದ ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕದ ವಿಭಾಗದಲ್ಲಿ ಗುಮಾಸ್ತೆ ಕೆಲಸ. ಊರೊಳಗೆ ಪೇಟ್ಟ ಎಂಬಲ್ಲಿ ಬಾಡಿಗೆ ಮನೆ. ಮದುವೆಯಾಗಿ ಸಂಸಾರ ಒಂದು ಹದಕ್ಕೆ ಬರುವಷ್ಟರಲ್ಲಿ ಬ್ಯಾಂಕು ಅವರನ್ನು ಕೊಚ್ಚಿಗೆ, ಇದೇ ಮಟ್ಟಾಂಚೇರಿಯ ಶಾಖೆಗೆ ಎತ್ತಿ ಹಾಕಿತು. ನಾನೊಬ್ಬಳೇ ಇರಬಾರದೆಂದು ಊರಿನಿಂದ ಅವರ ತಾಯಿಯನ್ನು ತಂದು ನನ್ನ ಜೊತೆ ಬಿಟ್ಟರು. ನಮ್ಮ ಅತ್ತೆ ಒಳ್ಳೆಯ ಹೆಂಗಸು. ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಮನೆಯಲ್ಲಿ ಆದದ್ದು, ಆಗದ್ದು, ಆಗಬಹುದಾದದ್ದು ಎಲ್ಲವನ್ನೂ ಮಗ ಬಂದಾಗ ಒಂದೂ ಬಿಡದೆ ಒಪ್ಪಿಸುತ್ತಿದ್ದರು. ಅದರಲ್ಲಿ ಚಾಡಿ ಎಂಬುದು ಇರಲಿಲ್ಲ, ಮಾತನಾಡಲು ಅವರಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ ಅಷ್ಟೇ. ಮಲಯಾಳ ಅರ್ಥವಾದರೂ ಆಡುತ್ತಿದ್ದದ್ದು ಕನ್ನಡವನ್ನೇ.

ಆಗ ಸ್ಕೂಟರ್ ಎಂದರೆ ಅಂಗಡಿಗೆ ಹೋಗಿ ತರುವ ವಸ್ತುವಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಜಪ ಮಾಡಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಬೇರೆ ಕೋಟಾ ಇತ್ತು, ಬೇಗ ಸಿಗುತ್ತಿತ್ತು. ಅದಕ್ಕೇ ರಘುರಾಮರು ನನ್ನ ಹೆಸರಿನಲ್ಲಿ ಅರ್ಜಿ ಹಾಕಿಸಿದ್ದರು. ಗಾಡಿ ಬಂದಾಗ ಅವರು ಕೊಚ್ಚಿಯಲ್ಲಿದ್ದರು. ಅಲ್ಲಿ ಶಾಖೆಯ ಹತ್ತಿರವೇ ಕೋಣೆ, ನಡೆದು ಹೋಗುವ ದೂರ. ಒಂದು ಭಾನುವಾರ ಬಂದವರು, ಬೇಕಾದಾಗ ಲಾರಿಯಲ್ಲಿ ತರಿಸಿಕೊಳ್ಳುತ್ತೇನೆ ಎಂದು ಸ್ಕೂಟರಿಗೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಹೋದರು.

ನಾನು ಹಗ್ಗ ಬಿಚ್ಚಿದೆ.

ಅಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಮನೆಯೊಡತಿ ಭಾರ್ಗವಿ ಚೇಚಿಯ ತಮ್ಮ ಶಂಖುಮುಖದ ರಸ್ತೆಯಲ್ಲಿ ನನಗೆ ಬಿಡುವುದು ಕಲಿಸಿದ. ಎರಡು ಸಲ ಬಿದ್ದೆ, ಮೊಣಕೈ ತರಚಿತು, ಮೂರನೆಯ ವಾರ ತುಂಬಕ್ಕೆ ಅದರಲ್ಲೇ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುತ್ತಿಯ ಚೀಲವನ್ನು ಕಾಲ ಹತ್ತಿರ ಇಟ್ಟು, ವೇಳಿಯ ಮರಳು ದಾರಿಯಲ್ಲಿ ಹೋಗುತ್ತಿದ್ದರೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಬದಿಗೆ ಸರಿದು ನಗುತ್ತಿದ್ದರು. ಒಂದು ವರ್ಷ ಹಾಗೆ ಓಡಿಸಿದೆ. ನನ್ನ ಆಯುಷ್ಯದಲ್ಲಿ ನಾನು ಬಹಳ ಸುಖವಾಗಿದ್ದ ವರ್ಷ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಮದುವೆಯ ವರ್ಷವನ್ನು ಹೇಳುವುದಿಲ್ಲ.

ರಘುರಾಮರು ಮೊದಲು ಸುಮ್ಮನಿದ್ದರು. ಮತ್ತೆ, "ಎಲ್ಲರೂ ನೋಡ್ತಾರೆ" ಎಂದರು. "ನೋಡ್ಲಿ, ಕಣ್ಣು ಅವರದ್ದಲ್ವಾ" ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ಎದುರುತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾತಿ.

ಎಪ್ಪತ್ಮೂರರ ಮಳೆಗಾಲದಲ್ಲಿ ಎಲ್ಲ ಶುರುವಾಯಿತು. ಆ ವರ್ಷ ನನಗೆ ಇಲಾಖೆಯ ಪರೀಕ್ಷೆ ಇತ್ತು. ಪಾಸಾದರೆ ಗುಮಾಸ್ತೆಯಿಂದ ಅಧಿಕಾರಿಯ ಸಾಲಿಗೆ. ಫೇಲಾದರೆ ಕೊನೆಯವರೆಗೂ ಬೇರೆಯವರು ಬರೆದದ್ದಕ್ಕೆ ಟಿಕ್ ಹಾಕಿಕೊಂಡು ಕೂರಬೇಕು. ಮೂರು ಸಲ ಮಾತ್ರ ಅವಕಾಶ. ಒಂದು ಸಲ ಹೆಸರು ಕೊಟ್ಟಮೇಲೆ ಮದುವೆಯ ದಿನ ಅಡ್ಡ ಬಂದು ತಪ್ಪಿತು, ಇನ್ನೊಂದು ಸಲ ಒಂದು ಪೇಪರಿನಲ್ಲಿ ಹೋಯಿತು. ಇದು ಕೊನೆಯದು. ನಮ್ಮ ವಿಭಾಗದಿಂದ ನಾನು ಮತ್ತು ಶ್ರೀಧರನ್ ಎಂಬವನು ಕಟ್ಟಿದ್ದೆವು. ಅವನು ನನಗಿಂತ ಚಿಕ್ಕವನು, ನನ್ನನ್ನು ಚೇಚಿ ಎಂದೇ ಕರೆಯುತ್ತಿದ್ದ. ಪಿಂಚಣಿಯ ನಿಯಮಗಳನ್ನು ಅವನ ತಲೆಗೆ ತುಂಬಿಸಿದ್ದು ನಾನೇ.

ಊರಿನ ಹಳೆಯ ಕೋಟೆಯ ಒಳಗೆ ಪಿಳ್ಳೆ ಸಾರ್ ಎಂಬ ನಿವೃತ್ತರು ಈ ಪರೀಕ್ಷೆಗೆ ಸಂಜೆ ಪಾಠ ಹೇಳುತ್ತಿದ್ದರು. ಆಫೀಸು ಬಸ್ಸು ಹಿಡಿದರೆ ಪಾಠ ಮುಗಿದ ಮೇಲೆ ತಲುಪಬೇಕು. ಸ್ಕೂಟರಿನಲ್ಲಾದರೆ ಆಫೀಸಿನಿಂದ ನೇರ ಹೋಗಿ, ಪಾಠ ಕೇಳಿ, ಕತ್ತಲಾಗುತ್ತಿದ್ದಂತೆ ಮನೆಗೆ ಬರಬಹುದು. ಆ ಸ್ಕೂಟರ್ ಇಲ್ಲದಿದ್ದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಪಾಸಾಗುವ ಆಸೆಯಿಲ್ಲ. ಇಷ್ಟು ಸರಳ ಲೆಕ್ಕ. ಪಿಳ್ಳೆ ಸಾರ್ ಮೊದಲ ವಾರವೇ, "ಲಲಿತೇ, ನೀ ಮಿಡುಕ್ಕಿಯಾಣ್" ಎಂದಿದ್ದರು. ನೀನು ಜಾಣೆ ಎಂದು. ನನ್ನನ್ನು ಹಾಗೆ ಕರೆದವರು ಆವರೆಗೆ ಯಾರೂ ಇರಲಿಲ್ಲ.

ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಮಳೆ ಹಿಡಿದು ವಾರ ಕಳೆಯುವುದರೊಳಗೆ ಸ್ಕೂಟರಿನ ಸೈಲೆನ್ಸರ್ ತುಕ್ಕು ತಿಂದು ತೂತು ಬಿದ್ದು, ಒಂದು ಮೂಲೆ ಹಪ್ಪಳದ ಹಾಗೆ ಉದುರಿತು. ಊರಿನ ಅಂಗಡಿಯಲ್ಲಿ ಕೇಳಿದರೆ ಕಂಪೆನಿಯ ಸೈಲೆನ್ಸರ್ ಇಲ್ಲ, ಯಾವಾಗ ಬರುವುದೋ ಹೇಳಲಾಗದು ಎಂದರು. ನಾನು ರಘುರಾಮರಿಗೆ ಹೇಳಿದೆ. ಕೊಚ್ಚಿ ದೊಡ್ಡ ಬಂದರು, ಅಲ್ಲಿ ಸಿಗದ್ದು ಉಂಟಾ?

"ಅಲ್ಲಿಯೂ ಇಲ್ಲ. ನಾನು ವಿಚಾರಿಸಿದೆ" ಎಂದರು ಮುಂದಿನ ಸಲ ಬಂದಾಗ. "ಒಂದು ವರ್ಷ ಕಾಯ್ಬೇಕಂತೆ. ಬೇರೆ ಮಾಡಿಸ್ತೇನೆ, ನೀನು ತಲೆಬಿಸಿ ಮಾಡ್ಬೇಡ."

ನನಗೆ ಎಷ್ಟು ಸಂತೋಷವಾಯಿತು ಎಂದರೆ, ಆ ದಿನ ಅವರಿಗೆ ಇಷ್ಟವೆಂದು ಬೆಲ್ಲ ಹಾಕಿ ಗೆಣಸಲೆ ಮಾಡಿದೆ. ಬಾಳೆಲೆ ಸುಟ್ಟು ಮಡಚುವಾಗ ಬೆರಳು ಸುಟ್ಟುಕೊಂಡದ್ದೂ ನೆನಪಿದೆ. ನೆನಪಾದಾಗಲೆಲ್ಲ ಆ ಬೆಲ್ಲವೂ ದಂಡ ಅನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ರೈಲಿನಿಂದ ಇಳಿದು ಬಂದರು. ಕಂಕುಳಲ್ಲಿ ಗೋಣಿ ಸುತ್ತಿದ ಒಂದು ಗಂಟು. ಶುಂಠಿ ತುಂಬಿಸಿದ್ದ ಗೋಣಿ. ಬಾಗಿಲು ತೆರೆದ ಕೂಡಲೇ ಘಾಟಿಗೆ ಸೀನು ಬಂತು. ಮಟ್ಟಾಂಚೇರಿಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಒಬ್ಬನ ಹತ್ತಿರ ಮಾಡಿಸಿದ್ದಂತೆ. ನನ್ನ ತೊಡೆಯಷ್ಟು ದಪ್ಪದ ಕೊಳವೆ, ಬೆಸುಗೆ ಹಾಕಿದ ಕಡೆ ಗಂಟುಗಂಟು. ಕಂಪೆನಿಯ ಸೈಲೆನ್ಸರಿನ ಒಳಗೆ ಸದ್ದನ್ನು ತಡೆಯುವ ತಗಡಿನ ಅಡ್ಡಗೋಡೆಗಳಿರುತ್ತವೆ. ಇದರ ಒಳಗೆ ಇಣುಕಿದೆ. ಆ ತುದಿಯ ಬೆಳಕು ಕಂಡಿತು.

"ಇದರಲ್ಲಿ ಎಂತದ್ದೂ ಇಲ್ವಲ್ಲ?"

"ಅದೇ ಅಲ್ವಾ ವಿಶೇಷ! ಎಂಜಿನ್ ಉಸಿರಾಡ್ಬೇಕು ಮಾರಾಯ್ತಿ. ಈಗ ನೋಡು ಹೇಗೆ ಎಳೀತದೆ."

ಅಂಗಳದಲ್ಲಿ ಗೋಣಿ ಹಾಸಿ, ಪೆಟ್ರೋಲು ಖಾಲಿ ಮಾಡಿ, ಸ್ಕೂಟರನ್ನು ಮಗ್ಗುಲಿಗೆ ಮಲಗಿಸಿದೆವು. ಹಳೆಯದರ ಬೋಲ್ಟುಗಳು ತುಕ್ಕಿಗೆ ಅಂಟಿ ಕಲ್ಲಾಗಿದ್ದವು. ಸೀಮೆಎಣ್ಣೆ ಹೊಯ್ದು ಕಾದು, ಸ್ಪ್ಯಾನರಿನ ಹಿಡಿಗೆ ಸುತ್ತಿಗೆಯಿಂದ ಹೊಡೆದು ಬಿಡಿಸಿದರು. ನಾನು ಗಾಡಿಯನ್ನು ಒತ್ತಿ ಹಿಡಿದಿದ್ದೆ. ಎಂಜಿನಿನ ಬಾಯಲ್ಲಿ ಕಪ್ಪು ಮಸಿ ಹೆಪ್ಪುಗಟ್ಟಿತ್ತು, ಅದನ್ನು ಚಾಕುವಿನಿಂದ ಕೆರೆದು ತೆಗೆದದ್ದು ನಾನೇ. ಹೊಸದರ ಕಂಠ ಸ್ವಲ್ಪ ದೊಡ್ಡದಾಗಿತ್ತು. ತಗಡಿನ ಚೂರು ಸುತ್ತಿ, ಪಟ್ಟಿ ಹಾಕಿ ಬಿಗಿದರು. ಆಮೇಲೆ ಗಾಡಿ ನಿಲ್ಲಿಸಿ ಒದೆದರು.

ದೇವರೇ! ಅಂಗಳದಲ್ಲಿ ಒಂದು ಲಾಂಚೇ ಬಂದು ನಿಂತ ಹಾಗಾಯಿತು. ಬಾವಿಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಪಕ್ಕದ ಮನೆಯ ಮಗು ಕಿಟಾರನೆ ಅತ್ತಿತು. ಕೊಳವೆಗೆ ಅಂಟಿದ್ದ ಶುಂಠಿಯ ಪುಡಿ ಸುಟ್ಟು ಹೊಗೆ ಖಾರವಾಗಿ ಎದ್ದು ಎಲ್ಲರೂ ಕೆಮ್ಮಿದೆವು. ಭಾರ್ಗವಿ ಚೇಚಿ ತಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು, "ಎಂದಾ ಲಲಿತೇ, ಎಂದು ಪಟ್ಟಿ?" ಎಂದು ಏನಾಯಿತೋ ಎಂಬ ಗಾಬರಿಯಲ್ಲಿ ಕೂಗಿದರು.

ಜಗಲಿಯಲ್ಲಿ ಕೂತಿದ್ದ ನಮ್ಮ ಅತ್ತೆಗೆ ಮಾತ್ರ ನಗುವೋ ನಗು. "ಒಳ್ಳೆದಾಯ್ತು ರಘು! ಗುಡ್ಡೆಗೆ ಬಿಡುವ ದನಕ್ಕೆ ಗಂಟೆ ಕಟ್ಟಿದ ಹಾಗಾಯ್ತು. ಎಲ್ಲಿ ಮೇಯ್ತಾ ಉಂಟು, ಎಷ್ಟೊತ್ತಿಗೆ ತಿರುಗಿತು ಅಂತ ಕೂತಲ್ಲೇ ಗೊತ್ತಾಗ್ತದೆ."

ನಮ್ಮ ಊರಿನಲ್ಲಿ ಗುಡ್ಡೆಗೆ ಹೋಗುವ ದನಗಳ ಕೊರಳಿಗೆ ಮರದ ಗಂಟೆ ಕಟ್ಟುತ್ತಾರೆ. ಪೊದೆಯ ಹಿಂದಿದ್ದರೂ ಟೊಕ್ ಟೊಕ್ ಎಂದು ಕೇಳುತ್ತದೆ. ಹಟ್ಟಿಯಲ್ಲೇ ಇರುವ ದನಕ್ಕೆ ಕಟ್ಟುವುದಿಲ್ಲ. ನಾನೂ ಆ ಹೊತ್ತಿಗೆ ನಕ್ಕೆ. ರಘುರಾಮರೂ ನಕ್ಕರು. ನನ್ನ ಮುಖ ನೋಡಲಿಲ್ಲ, ಸ್ಪ್ಯಾನರ್ ಒರೆಸುತ್ತಾ ನಕ್ಕರು.

ಸೋಮವಾರ ತುಂಬದ ದಾರಿಯಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಮೀನಿನ ಹೆಂಗಸರು ದೂರದಿಂದಲೇ ಕಿವಿ ಮುಚ್ಚಿಕೊಂಡು ನಿಂತರು. ಅವರಲ್ಲಿ ಒಬ್ಬಳು, "ಚೇಚೀ, ಕಡಲ್ ಅಪ್ಪುರತ್ತಾಣ್!" ಎಂದು ಕೈ ತೋರಿಸಿದಳು. ಕಡಲು ಇರುವುದು ಆ ಕಡೆ, ದೋಣಿಯನ್ನು ರಸ್ತೆಯಲ್ಲಿ ಯಾಕೆ ತಂದೆ ಎಂದು. ಆಫೀಸಿನಲ್ಲಿ ನನ್ನ ಕುರ್ಚಿಗೆ ನಾನು ಬರುವ ಮೊದಲೇ, "ಲಲಿತಾ ಗೇಟಿಗೆ ಬಂದ್ರು" ಎಂದು ವರದಿ ಬರುತ್ತಿತ್ತು. ಪಿಳ್ಳೆ ಸಾರ್ ಪಾಪ, ಎರಡು ದಿನ ತಡೆದುಕೊಂಡು ಮೂರನೆಯ ದಿನ ನನ್ನನ್ನು ಬದಿಗೆ ಕರೆದರು. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ಆ ಓಣಿಯಲ್ಲಿ ಮನೆಗಳ ಗೋಡೆಗೆ ಗೋಡೆ ಅಂಟಿದೆ. "ಈ ವಂಡಿ ಇನಿ ಇಂಙೋಟ್ಟ್ ಕೊಂಡುವರಣ್ಡ, ಮೋಳೇ" ಎಂದರು. ಗಾಡಿಯನ್ನು ಇಲ್ಲಿಗೆ ತರಬೇಡ ಮಗಳೇ ಎಂದು. ಹೇಳುವಾಗ ಅವರಿಗೇ ನಾಚಿಕೆಯಾಗಿತ್ತು.

ಆಮೇಲೆ ಸ್ಕೂಟರನ್ನು ಕೋಟೆಬಾಗಿಲ ಹತ್ತಿರವೇ ನಿಲ್ಲಿಸಿ, ಮಳೆಯಲ್ಲಿ ಕೊಡೆ ಹಿಡಿದು ನಡೆದು ಹೋಗತೊಡಗಿದೆ. ಹೋಗುವಾಗ ತಡ, ಬರುವಾಗ ತಡ. ತಡವಾದದ್ದು ನಮ್ಮ ಅತ್ತೆಗೆ ಕೂತಲ್ಲೇ ಗೊತ್ತಾಗುತ್ತಿತ್ತಲ್ಲ! ಪೇಟ್ಟದ ಜಂಕ್ಷನ್ನಿಗೆ ನಾನು ಬಂದಾಗಲೇ ಅವರು ಎದ್ದು ಕಾಫಿಗೆ ನೀರಿಡುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಆದರೆ ಭಾನುವಾರ ಮಗ ಊಟಕ್ಕೆ ಕೂತಾಗ ಎಲ್ಲ ಹೊರಗೆ ಬರುತ್ತಿತ್ತು. "ಮೊನ್ನೆ ಬುಧವಾರ ದೀಪ ಹಚ್ಚಿ ಭಜನೆಯೆಲ್ಲ ಮುಗಿದ ಮೇಲೆ ಸದ್ದು ಕೇಳಿತು. ಶುಕ್ರವಾರ ಬೇಗ. ನಿನ್ನೆ ಒಮ್ಮೆ ಬಂತು, ಪುನಃ ಹೋಯ್ತು, ಯಾಕೆ ಲಲಿತಾ ನಿನ್ನೆ ಪುನಃ ಹೋದದ್ದು?"

ಪುನಃ ಹೋದದ್ದು ಅವರ ಕೆಮ್ಮಿನ ಔಷಧಿ ತರಲಿಕ್ಕೆ.

ರಘುರಾಮರು ಅನ್ನ ಕಲಸುತ್ತಾ ಎಲ್ಲ ಕೇಳಿಸಿಕೊಂಡು, "ಅಮ್ಮ ಒಬ್ಬಳೇ ಇರ್ತಾಳೆ. ದೀಪ ಹಚ್ಚುವ ಮೊದಲು ಮನೆಗೆ ಬಾ" ಎಂದರು.

"ಪಾಠ ಮುಗಿಯುವುದೇ ಆಗ."

"ಹಾಗಾದ್ರೆ ಅರ್ಧಕ್ಕೆ ಎದ್ದು ಬಾ. ಅವರೆಂತ ಹಿಡ್ಕೊಳ್ತಾರಾ?"

ನಾನು ಜಗಳ ಮಾಡಿದೆ. ಈ ಸದ್ದು ಬೇಡ, ಈ ದರಿದ್ರವನ್ನು ತೆಗೆಸಿ ಬೇರೆ ತನ್ನಿ ಎಂದೆ. "ವರ್ಷ ಕಾಯ್ಬೇಕು ಅಂತ ಹೇಳಿದ್ದೇನಲ್ಲ. ಇಷ್ಟು ಕಷ್ಟಪಟ್ಟು ರೈಲಿನಲ್ಲಿ ಹೊತ್ತು ತಂದವನಿಗೆ ಇದು ಬಹುಮಾನ" ಎಂದರು. ಆ ಮಾತಿಗೆ ಅತ್ತೆಯೂ ತಲೆ ಅಲ್ಲಾಡಿಸಿದರು. ಹೊತ್ತು ತಂದದ್ದು ನಿಜ ತಾನೇ? ಉಪಕಾರ ಮಾಡಿದವರ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟ, ನೋಡುವವರೆಲ್ಲ ನಮ್ಮನ್ನೇ ಬೈಯುತ್ತಾರೆ.

ನಾನೂ ನನ್ನ ಬುದ್ಧಿ ಓಡಿಸಿದೆ. ಕೇರಳದಲ್ಲಿ ತೆಂಗಿನ ನಾರಿಗೆ ಬರವೇ? ಒಂದು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಪಾತ್ರೆ ಉಜ್ಜುವ ನಾರನ್ನು ಒದ್ದೆ ಮಾಡಿ ಉಂಡೆ ಕಟ್ಟಿ, ಕೋಲಿನಿಂದ ಕೊಳವೆಯ ಒಳಗೆ ತುರುಕಿದೆ, ತಂತಿ ಸುತ್ತಿ ಭದ್ರ ಮಾಡಿದೆ. ಒದ್ದರೆ ಸದ್ದು ಅರ್ಧ ಇಳಿದಿತ್ತು! ನನ್ನನ್ನು ನಾನೇ ಮೆಚ್ಚಿಕೊಂಡು ಹೊರಟೆ. ಹೋಗುವಾಗ ಸರಿಯಿತ್ತು. ಸಂಜೆ ತುಂಬದಿಂದ ತಿರುಗಿ ಬರುವಾಗ ನಾರು ಒಣಗಿ ಕೆಂಡವಾಗಿತ್ತು. ಚಾಕ್ಕದ ಸೇತುವೆ ಏರುವಾಗ ಢಮಾರ್ ಎಂದು ಬೆಂಕಿಯ ಉಂಡೆ ಹಿಂದಿನಿಂದ ಹಾರಿತು. ಸೈಕಲ್ಲಿನವನೊಬ್ಬ ಚರಂಡಿಗೆ ಇಳಿದ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. "ತುಂಬಯಿಲ್ ನಿನ್ನ್ ರಾಕೆಟ್ ವಿಟ್ಟೇ!" ಎಂದು ಯಾರೋ ಕೂಗಿದ. ತುಂಬದಿಂದ ರಾಕೆಟ್ ಬಿಟ್ಟರಂತೆ. ಆ ಹೆಸರು ಅಂಟಿಕೊಂಡಿತು. ರಾಕೆಟ್ ಚೇಚಿ. ನಮ್ಮ ಬೀದಿಯ ಮಕ್ಕಳು ನಾನು ಆ ಊರು ಬಿಡುವವರೆಗೂ ಹಾಗೇ ಕರೆದರು.

ಹೀಗೆ ಓಣಂ ಕಳೆಯಿತು. ಪಾಠಕ್ಕೆ ಅರ್ಧ ಹೋಗುತ್ತಿದ್ದೆ, ಉಳಿದರ್ಧವನ್ನು ಶ್ರೀಧರನ್ ಮಾರನೆಯ ದಿನ ಊಟದ ಹೊತ್ತಿಗೆ ಹೇಳುತ್ತಿದ್ದ, ಅವನಿಗೆ ಅರ್ಥವಾಗದ್ದನ್ನು ನಾನು ಬಿಡಿಸುತ್ತಿದ್ದೆ. ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಸೌಟು. ಓದಿದೆ, ಛಲದಿಂದ ಓದಿದೆ. ಪರೀಕ್ಷೆ ಹತ್ತಿರ ಬಂದಾಗ ಪಿಳ್ಳೆ ಸಾರ್ ಹಳೆಯ ಪ್ರಶ್ನೆಗಳನ್ನು ಕೊಟ್ಟು ನೋಡಿ, ಇಬ್ಬರಲ್ಲಿ ಯಾರು ಪಾಸಾಗದಿದ್ದರೂ ಲಲಿತಾ ಆಗುತ್ತಾಳೆ ಎಂದರು. ಶ್ರೀಧರನ್ ಮುಂದೆಯೇ ಹೇಳಿದರು. ಅವನೂ ಹೌದು ಎಂದ.

ಪರೀಕ್ಷೆಯ ದಿನವೇ ಬಂದ್ ಕರೆದರು. ಆ ಕಾಲದಲ್ಲಿ ಅಲ್ಲಿ ಬಂದ್ ಎಂದರೆ ತಿಂಗಳಿಗೊಂದು ಏಕಾದಶಿ ಇದ್ದ ಹಾಗೆ, ಹೊಸತಲ್ಲ. ಪರೀಕ್ಷೆ ಇಡೀ ದೇಶಕ್ಕೆ ಒಂದೇ, ದೆಹಲಿಯಲ್ಲಿ ನಿಗದಿಯಾದದ್ದು, ನಮ್ಮ ಬಂದ್‌ಗಾಗಿ ಅದು ನಿಲ್ಲುತ್ತದಾ? ಪರೀಕ್ಷೆಯ ಜಾಗ ಊರಿನ ಇನ್ನೊಂದು ತುದಿ, ಕರಮನದ ಹೊಳೆ ದಾಟಿ ನೇಮದ ಕಡೆ ಒಂದು ಶಾಲೆ. ಬಂದ್ ದಿನ ಸ್ಕೂಟರಿನಲ್ಲಿ ಹೋಗುವವರಿಗೆ ಒಂದು ಕ್ರಮ ಉಂಟು. ಜಂಕ್ಷನ್ನುಗಳನ್ನು ಬಿಟ್ಟು ಓಣಿಗಳಲ್ಲಿ ಮೆಲ್ಲ ಹೋಗಬೇಕು. ರಸ್ತೆ ದಾಟುವಲ್ಲಿ ಹುಡುಗರು ಇದ್ದರೆ ಎಂಜಿನಿನ ಸದ್ದು ಇಳಿಸಿ, ಬೆಕ್ಕಿನ ಹಾಗೆ ಜಾರಿಕೊಳ್ಳಬೇಕು. ಎಲ್ಲರೂ ಹಾಗೇ ಮಾಡುತ್ತಿದ್ದರು, ತಡೆಯುವವರಿಗೂ ಅದು ಗೊತ್ತಿತ್ತು. ಕಂಡರೆ ಮಾತ್ರ ತಡೆಯುತ್ತಿದ್ದರು.

ನಾನು ಒಂದು ಗಂಟೆ ಮುಂಚಿತವಾಗಿಯೇ ಹೊರಟೆ. ತುಲಾಮಾಸದ ಮಳೆ, ಹಿಂದಿನ ಸಂಜೆ ಗುಡುಗು ಸಹಿತ ಸುರಿದು ಓಣಿಗಳಲ್ಲಿ ಕೆಂಪು ನೀರು ನಿಂತಿತ್ತು. ಅಂಗಡಿಗಳೆಲ್ಲ ಮುಚ್ಚಿ, ಬಸ್ಸಿಲ್ಲದೆ, ಕಾರಿಲ್ಲದೆ, ಊರು ಪೂರ್ತಿ ಮೌನ. ಆ ಮೌನದಲ್ಲಿ ನನ್ನದೊಂದು ಲಾಂಚು. ನನಗೇ ಭಯವಾಯಿತು. ಚಾಲೆ ಮಾರುಕಟ್ಟೆಯ ಹಿಂದಿನ ಓಣಿಯಿಂದ ದೊಡ್ಡ ರಸ್ತೆಗೆ ಮುಖ ಹಾಕುವಷ್ಟರಲ್ಲಿ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದ ಹುಡುಗರೆಲ್ಲ ಎಲೆ ಕೆಳಗಿಟ್ಟು, ಎದ್ದು, ರಸ್ತೆಗೆ ಅಡ್ಡ ಸಾಲಾಗಿ ನಿಂತಿದ್ದರು. ನಾನು ಬರುವುದನ್ನು ಅವರು ಆಗಲೇ ಕೇಳಿಸಿಕೊಂಡಿದ್ದರು.

"ಇನ್ನ್ ಬಂದಾಣ್, ಚೇಚೀ." ಇವತ್ತು ಬಂದ್ ಎಂದು.

ಕೈಮುಗಿದೆ. ಪರೀಕ್ಷೆ ಎಂದೆ, ಕೊನೆಯ ಅವಕಾಶ ಎಂದೆ, ಹಾಲ್ ಟಿಕೆಟ್ ತೋರಿಸಿದೆ. ದುಷ್ಟರಲ್ಲ ಅವರು. ಅವರಲ್ಲಿ ಹಿರಿಯನಾಗಿದ್ದವನು ಟಿಕೆಟ್ ಓದಿ, ತಲೆ ಕೆರೆದುಕೊಂಡು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಮೆಲ್ಲ ಹೋಗಿದ್ದರೆ ನಾವು ನೋಡದ ಹಾಗೆ ಇರ್ತಿದ್ವಿ ಚೇಚಿ. ಇಷ್ಟು ಸದ್ದು ಮಾಡಿಕೊಂಡು ಹೋಗಲು ಬಿಟ್ಟರೆ ಮುಂದಿನ ಜಂಕ್ಷನ್ನಿನವರು ನಮ್ಮನ್ನು ಕೇಳುತ್ತಾರೆ, ಚಾಲೆಯವರು ಏನು ಮಾಡ್ತಿದ್ದರು ಅಂತ." ಎರಡೂ ಟಯರಿನ ಗಾಳಿ ಬಿಟ್ಟರು. ಬಿಡುವಾಗ, "ಕ್ಷಮಿಕ್ಕಣಂ" ಎಂದರು. ಕ್ಷಮೆ ಕೇಳಿ ಗಾಳಿ ತೆಗೆಯುವ ಜನ ಆ ಊರಿನವರು.

ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದೆ. ನಡೆದೆ ಏನು, ಓಡಿದೆ. ಮಳೆ ಮತ್ತೆ ಹಿಡಿಯಿತು. ಚಪ್ಪಲಿಯ ಬಾರು ಕಿತ್ತಿತು, ಕೈಯಲ್ಲಿ ಹಿಡಿದುಕೊಂಡೆ. ಕರಮನದ ಸೇತುವೆಯ ಮೇಲೆ ಒಮ್ಮೆ ನಿಂತು ಉಸಿರು ತೆಗೆದುಕೊಂಡೆ. ಶಾಲೆ ಮುಟ್ಟಿದಾಗ ಗೇಟು ಮುಚ್ಚಿತ್ತು. ಶುರುವಾಗಿ ಅರ್ಧ ಗಂಟೆ ಕಳೆದರೆ ಒಳಗೆ ಬಿಡುವಂತಿಲ್ಲ ಎಂಬುದು ನಿಯಮ. ನಿಯಮಗಳೆಲ್ಲ ನನಗೆ ಬಾಯಿಪಾಠ ಇದ್ದವಲ್ಲ. ಅದಕ್ಕೇ ನಾನು ವಾದ ಮಾಡಲಿಲ್ಲ. ಕಿಟಕಿಯಲ್ಲಿ ಶ್ರೀಧರನ್ ಬೆನ್ನು ಕಾಣುತ್ತಿತ್ತು, ಬಗ್ಗಿ ಬರೆಯುತ್ತಿದ್ದ. ಅವನೂ ಸ್ಕೂಟರಿನಲ್ಲೇ ಬಂದವನು. ಅದೇ ಓಣಿ, ಅದೇ ಜಗಲಿ. ಹುಡುಗರು ಇಸ್ಪೀಟಿನಿಂದ ತಲೆ ಎತ್ತಲಿಲ್ಲ ಎಂದು ಆಮೇಲೆ ಅವನೇ ಹೇಳಿದ. ಗೇಟಿನ ಹೊರಗೆ ಮಳೆಯಲ್ಲಿ ನಿಂತು ಅತ್ತುಬಿಟ್ಟೆ. ಅಳಲಿಲ್ಲ ಎಂದು ಸುಳ್ಳು ಹೇಳುವ ಶೋಕಿ ನನಗಿಲ್ಲ.

ಅವನು ಪಾಸಾದ. ನಾಲ್ಕು ವರ್ಷದಲ್ಲಿ ನನ್ನ ಮೇಲಧಿಕಾರಿಯಾದ. ಆಮೇಲೂ ಚೇಚಿ ಎಂದೇ ಕರೆದ, ನಾನು ಸಾರ್ ಎಂದೆ.

ಆ ದಿನ ಮನೆಗೆ ಬಂದಾಗ ಅತ್ತೆ ಗಾಬರಿಯಿಂದ ಬಾಗಿಲಲ್ಲಿ ನಿಂತಿದ್ದರು. "ಸದ್ದೇ ಕೇಳಲಿಲ್ಲ ಮಾರಾಯ್ತಿ, ಎಲ್ಲಿ ಹೋದಿ ಅಂತ ಜೀವ ಹಾರಿತು" ಎಂದರು. ಆದದ್ದನ್ನು ಹೇಳಿದೆ. ಅವರು ನನ್ನ ತಲೆ ಒರೆಸಿದರು, ಬಿಸಿ ಗಂಜಿ ಕೊಟ್ಟರು, ಮತ್ತೆ ಕಣ್ಣಲ್ಲಿ ನೀರು ಹಾಕಿಕೊಂಡು ತಮ್ಮ ಅಭ್ಯಾಸದಂತೆ ಒಂದೂ ಬಿಡದೆ ಹೇಳಿಬಿಟ್ಟರು. "ನಾನು ಹೇಳಿದ್ದೆ ರಘುವಿಗೆ, ಲಲಿತಾ ಆ ಸದ್ದಿಗೆ ನಾಚಿ ಸಾಯ್ತಾಳೆ, ತೆಗೆಸು ಅಂತ. 'ಇರ್ಲಿ ಅಮ್ಮ, ಸದ್ದಿದ್ದರೆ ನಿಂಗೆ ಗೊತ್ತಾಗ್ತದಲ್ಲ, ಎಷ್ಟೊತ್ತಿಗೆ ಬಂದಳು ಅಂತ' ಅಂದ. ನನಗೂ ಹೌದು ಅಂತ ಕಂಡಿತು. ಹೀಗಾಗ್ತದೆ ಅಂತ ನಾನೆಂತ ಗೊತ್ತಿದ್ದು ಒಪ್ಪಿದ್ದಾ ಲಲಿತಾ?"

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗಂಜಿ ಕುಡಿದೆ.

ರಘುರಾಮರು ಬಂದಾಗ, "ಹೋಗ್ಲಿ ಬಿಡು, ನಿನ್ನ ಹಣೆಯಲ್ಲಿ ಬರೆದಿಲ್ಲ" ಎಂದರು. ಅಷ್ಟೇ. ಆ ಮೇಲೆ, ಕೊಚ್ಚಿಯ ತೋಪ್ಪುಂಪಡಿಯಲ್ಲಿ ಒಂದು ಮನೆ ನೋಡಿದ್ದೇನೆ, ಶಾಖೆಗೆ ದೂರವಾಗುತ್ತದೆ, ಗಾಡಿ ಬೇಕು ಎಂದರು. ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ, ನನಗಿನ್ನು ಆಫೀಸು ಬಸ್ಸು ಸಾಲದೇ? ಚಾಲೆಯಿಂದ ತಳ್ಳಿಸಿ ತಂದಿದ್ದ ಸ್ಕೂಟರನ್ನು ಲಾರಿಗೆ ಹತ್ತಿಸಿ ಕಳುಹಿಸಿದರು. ನಾನು ತಡೆಯಲಿಲ್ಲ. ಆ ಕೊಳವೆ ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು.

ಕ್ರಿಸ್ಮಸ್ ರಜೆಗೆ ಅತ್ತೆಯನ್ನು ಕರೆದುಕೊಂಡು ತೋಪ್ಪುಂಪಡಿಗೆ ಹೋದೆ. ಸಂಜೆ ಅತ್ತೆ ಒಳಗೆ ಮಲಗಿದ್ದರು. ನಾನು ಮೆಟ್ಟಿಲಲ್ಲಿ ಕೂತು, ಗಂಡ ಬರುವುದನ್ನು ಕಾಯುತ್ತಾ ರಸ್ತೆಯ ಕಡೆ ಕಿವಿ ಕೊಟ್ಟಿದ್ದೆ. ಜಂಕ್ಷನ್ನಿನಿಂದಲೇ ಕೇಳಬೇಕಲ್ಲ. ಏನೂ ಕೇಳಲಿಲ್ಲ. ತಲೆ ಎತ್ತಿದರೆ ರಘುರಾಮರು ಅಂಗಳದಲ್ಲಿ ಸ್ಕೂಟರಿನಿಂದ ಇಳಿಯುತ್ತಿದ್ದರು. ಗಾಡಿ ಬಂದು ನಿಂತದ್ದು ಗಾಳಿಗೂ ಗೊತ್ತಾಗಿರಲಿಲ್ಲ. ಕೆಳಗೆ ಬಗ್ಗಿ ನೋಡಿದೆ. ಕಂಪೆನಿಯ ಸೈಲೆನ್ಸರ್, ಬಣ್ಣವೂ ಮಾಸದ್ದು.

"ಇದು ಎಲ್ಲಿ ಸಿಕ್ಕಿತು?"

"ಇಲ್ಲೇ, ಎರ್ನಾಕುಲಂನ ಅಂಗಡಿಯಲ್ಲಿ."

"ವರ್ಷ ಕಾಯ್ಬೇಕು ಅಂದಿದ್ರಿ."

"ಇತ್ತು" ಎಂದರು ಅವರು, ಕಾಲು ತೊಳೆಯುತ್ತಾ. "ಕೇಳಿದರೆ ಕೊಡ್ತಾರೆ."

"ಹಾಗಾದ್ರೆ ಅದು? ಕೊಚ್ಚಿಯಿಂದ ಹೊತ್ತು ತಂದದ್ದು?"

ಅವರು ನನ್ನನ್ನು ನೋಡಿದ ನೋಟದಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದರು. "ನಿಂಗೆ ಮರುಳಾ ಲಲಿತಾ? ಅಷ್ಟು ಸದ್ದು ಮಾಡಿಕೊಂಡು ನಾನು ಬ್ಯಾಂಕಿಗೆ ಹೋಗ್ಲಿಕ್ಕೆ ಆಗ್ತದಾ? ಮ್ಯಾನೇಜರು ಎಂತ ಹೇಳ್ಯಾರು?" ಎಂದು ಟವಲಿನಿಂದ ಮುಖ ಒರೆಸಿಕೊಂಡು, "ಕಾಫಿ ಮಾಡು" ಎಂದು ಒಳಗೆ ಹೋದರು.

ನಾನು ಮೆಟ್ಟಿಲು ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತು ಕಾದರು, ಎರಡು ಸಲ ಕರೆದರು. ಆಮೇಲೆ ಅಡುಗೆಮನೆಯಲ್ಲಿ ಅವರೇ ಪಾತ್ರೆ ಸದ್ದು ಮಾಡುವುದು ಕೇಳಿತು. ಬಾಗಿಲಿಗೆ ಬಂದು, "ಸಕ್ಕರೆ ಎಲ್ಲಿ ಉಂಟು?" ಎಂದು ಕೇಳಿದರು.

"ನಿಮ್ಮ ಮನೆ" ಎಂದೆ. "ನನಗೆಂತ ಗೊತ್ತು?"